ಬೀಜದೋಷವೂ ವಂಶಪರೀಕ್ಷೆಯೂ

ಮನುಷ್ಯದೇಹದ ಅವಯವಗಳನ್ನು ಪರಸ್ಪರ ಬಂಧಿಸಿ ಹಿಡಿದಿರುವ ಪದಾರ್ಥಕ್ಕೆ ಈಗಿನ ವೈದ್ಯಗ್ರಂಥಗಳಲ್ಲಿ ಸಂಯೋಜಕ ಅಂಗಾಂಶವೆಂದು ಹೆಸರು. ಈ ಅಂಗಾಂಶದಲ್ಲಿ ಹುಟ್ಟಿನಿಂದಲೇ ದೋಷವಿದ್ದು, ಆ ದೋಷವು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರತಕ್ಕ ಕೆಲವು ರೋಗಗಳುಂಟು. ಒಂದು ಕುಟುಂಬದಲ್ಲಿ ಅಂತಹ ದೋಷವು ಯಾರಿಗೆ ಇಳಿದಿದೆ, ಯಾರಿಗೆ ಇಳಿದಿಲ್ಲ ಎಂಬುದನ್ನು ರೋಗವು ಪ್ರಕಟವಾಗುವುದಕ್ಕೆ ಮುಂಚೆಯೇ ರಕ್ತಪರೀಕ್ಷೆಯಿಂದ ತಿಳಿಯುವ ಉಪಾಯವು ಕಳೆದ ಮೂರು ದಶಕಗಳಲ್ಲಿ ಬಳಕೆಗೆ ಬಂದಿದೆ. ಆ ಪರೀಕ್ಷೆಯ ಸ್ವರೂಪವೇನು, ಅದರಿಂದ ತಿಳಿಯುವುದೆಷ್ಟು, ತಿಳಿಯದೆ ಉಳಿಯುವುದೆಷ್ಟು, ತಿಳಿದವರ ಕರ್ತವ್ಯವೇನು ಎಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ವಿಷಯವು ವೈದ್ಯರಿಗೆ ಸೇರಿದುದು. ಭಾಷಾಸಾಹಿತ್ಯಗಳನ್ನು ವ್ಯಾಸಂಗಮಾಡುವವರ ಪತ್ರಿಕೆಯಲ್ಲಿ ಇದಕ್ಕೆ ಸ್ಥಳವೆಲ್ಲಿ ಎಂದು ಕೆಲವರು ಶಂಕಿಸಬಹುದು. ಇದಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದು, ಈ ಪರೀಕ್ಷೆಯು ತತ್ತ್ವತಃ ಒಂದು ಗ್ರಂಥವನ್ನು ಓದಿ, ಪ್ರತ್ಯಂತರಗಳೊಡನೆ ಹೋಲಿಸಿ, ಪಾಠಭೇದಗಳ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುವ ಕೆಲಸ. ಓಲೆಗರಿಗಳ ಸಂಶೋಧನೆಯಲ್ಲಿ ನುರಿತವರಿಗೆ ಇದರ ಮರ್ಮವು ಇತರರಿಗಿಂತ ಬೇಗ ಹೊಳೆಯುತ್ತದೆ. ಎರಡನೆಯದು, ‘ಕುಲ’, ‘ಬೀಜ’ ಎಂಬ ಮಾತುಗಳು ನಮ್ಮ ಶಾಸ್ತ್ರಗಳಿಂದ ಬಂದವು. ವಿವಾಹಸಂಬಂಧಗಳನ್ನು ನಿಶ್ಚಯಿಸುವಾಗ ಈ ಮಾತುಗಳಿಗೆ ಹೆದರಿಯೇ ಅನೇಕ ಮನೆತನಗಳು ರೋಗವನ್ನು ಬಚ್ಚಿಡುತ್ತವೆ. ಶಾಸ್ತ್ರವು ಏನು ಹೇಳಿದೆ, ಏನು ಹೇಳಿಲ್ಲ ಎಂಬುದನ್ನು ಸ್ಪಷ್ಟಪಡಿಸುವ ಹೊಣೆಯು ಆ ಶಾಸ್ತ್ರಗಳನ್ನು ಪಾಠಹೇಳುವವರ ಮೇಲೆಯೇ ಇರುವುದು.

೧. ಪ್ರಾಚೀನರ ಮತ

ಚರಕಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಭರದ್ವಾಜನು ಆತ್ರೇಯನನ್ನು ಪ್ರಶ್ನಿಸುವ ಪ್ರಸಂಗವೊಂದಿದೆ. ಮನುಷ್ಯನಿಂದ ಮನುಷ್ಯನೇ ಹುಟ್ಟುವುದಾದರೆ ಕುರುಡರು, ಕುಬ್ಜರು, ಮೂಕರು ಮುಂತಾದವರ ಮಕ್ಕಳು ತಂದೆಯಂತೆಯೇ ಏಕೆ ಆಗುವುದಿಲ್ಲ ಎಂಬುದು ಅಲ್ಲಿಯ ಆಕ್ಷೇಪ. ಬೀಜದಲ್ಲಿ ಯಾವ ಅಂಗಕ್ಕೆ ಕಾರಣವಾದ ಭಾಗವು ಕೆಟ್ಟಿರುವುದೋ ಆ ಅಂಗವು ಮಾತ್ರ ವಿಕಾರಗೊಳ್ಳುವುದು, ಆ ಭಾಗವು ಕೆಡದಿದ್ದರೆ ವಿಕಾರವಿಲ್ಲ ಎಂಬ ತಾತ್ಪರ್ಯದ ಉತ್ತರವನ್ನು ಆತ್ರೇಯನು ಕೊಡುತ್ತಾನೆ. ಎಂದರೆ, ತಂದೆಯ ದೇಹದಲ್ಲಿ ಕಾಣುವ ವೈಕಲ್ಯವು ಬೇರೆ, ಬೀಜದಲ್ಲಿರುವ ದೋಷವು ಬೇರೆ. ಮಕ್ಕಳಿಗೆ ಬರುವುದು ಎರಡನೆಯದು ಮಾತ್ರ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶುಕ್ರಶೋಣಿತಗಳ ದೋಷದಿಂದ ಬರುವ ರೋಗಗಳನ್ನು ಆದಿಬಲಪ್ರವೃತ್ತಗಳೆಂದು ಒಂದು ವರ್ಗವಾಗಿ ಎಣಿಸಿ, ಅವುಗಳಲ್ಲಿ ಮಾತೃಜ, ಪಿತೃಜ ಎಂದು ಎರಡು ಬಗೆಗಳನ್ನು ಹೇಳಿದೆ.

ಇದರಿಂದ ಈಗಿನವರು ಕಂಡುಹಿಡಿದುದೆಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೇಳುವುದು ಯುಕ್ತವಲ್ಲ. ಬೀಜಭಾಗವೆಂಬುದು ಅನುಮಾನದಿಂದ ಸಿದ್ಧವಾದ ಪದಾರ್ಥ. ಅದನ್ನು ಕಂಡವರೂ ಎಣಿಸಿದವರೂ ಆಗ ಇರಲಿಲ್ಲ. ಆದರೆ ಪ್ರಶ್ನೆಯನ್ನು ಸರಿಯಾದ ರೀತಿಯಲ್ಲಿ ಎತ್ತಿದ ಕೀರ್ತಿಯು ಅವರಿಗೆ ಸಲ್ಲತಕ್ಕದ್ದು. ವಂಶದಲ್ಲಿ ರೋಗವಿದ್ದ ಮಾತ್ರಕ್ಕೆ ವಂಶದವರೆಲ್ಲರೂ ರೋಗಿಗಳಲ್ಲವೆಂಬ ಅಂಶವು ಅಲ್ಲಿ ಸ್ಪಷ್ಟವಾಗಿ ಬಂದಿದೆ.

ಧರ್ಮಶಾಸ್ತ್ರದ ದೃಷ್ಟಿಯು ಇದಕ್ಕಿಂತ ಸ್ಥೂಲವಾದುದು. ಮನುಸ್ಮೃತಿಯ ಮೂರನೆಯ ಅಧ್ಯಾಯವು ವಿವಾಹಸಂಬಂಧಕ್ಕೆ ವರ್ಜ್ಯವಾದ ಹತ್ತು ಬಗೆಯ ಕುಲಗಳನ್ನು ಹೇಳುತ್ತದೆ. ಅವುಗಳಲ್ಲಿ ಅರ್ಶಸ್ಸು, ಕ್ಷಯ, ಅಪಸ್ಮಾರ, ಕುಷ್ಠ ಮುಂತಾದ ರೋಗಗಳಿರುವ ಕುಲಗಳೂ ಸೇರಿವೆ. ಇಲ್ಲಿ ವಿಚಾರಣೆಯು ಕುಲಕ್ಕೆ. ವ್ಯಕ್ತಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಸಾಧನವು ಆಗ ಇಲ್ಲದುದರಿಂದ ಇಡೀ ಕುಲವನ್ನೇ ಬಿಡಬೇಕಾಯಿತು. ಈ ಪಟ್ಟಿಯಲ್ಲಿರುವ ಕ್ಷಯವೂ ಕುಷ್ಠವೂ ಕ್ರಿಮಿಗಳಿಂದ ಹರಡುವ ರೋಗಗಳೇ ಹೊರತು ಬೀಜದಿಂದ ಬಂದವಲ್ಲವೆಂಬುದು ಈಗ ಸಿದ್ಧವಾಗಿದೆ. ಒಂದೇ ಮನೆಯಲ್ಲಿ ಹಲವರಿಗೆ ಕಂಡಿತೆಂಬ ಕಾರಣದಿಂದ ಅವು ಕುಲದೋಷಗಳೆಂದು ಎಣಿಕೆಯಾದವು. ಕುಲವನ್ನು ಮಾತ್ರ ನೋಡಿ ನಿರ್ಣಯಿಸಿದರೆ ಎಂತಹ ಭ್ರಾಂತಿಯುಂಟಾಗುವುದೆಂಬುದಕ್ಕೆ ಇದು ಸಾಕಾದ ನಿದರ್ಶನ.

೨. ಮಾರ್ಫಾನ್ ರೋಗ

ಸಂಯೋಜಕ ಅಂಗಾಂಶವು ಎಲುಬು, ಸ್ನಾಯುಬಂಧ, ಚರ್ಮ, ರಕ್ತನಾಳಗಳ ಭಿತ್ತಿ, ಕಣ್ಣಿನ ಮಸೂರವನ್ನು ಹಿಡಿದಿರುವ ಎಳೆಗಳು, ಇವೆಲ್ಲದರಲ್ಲಿಯೂ ವ್ಯಾಪಿಸಿದೆ. ಇದರಲ್ಲಿ ಕೊಲಾಜೆನ್ ಎಂಬ ಪ್ರೋಟೀನು ಹಗ್ಗದಂತೆ ಬಲವನ್ನು ಕೊಡುತ್ತದೆ. ಫೈಬ್ರಿಲಿನ್ ಎಂಬ ಇನ್ನೊಂದು ಪ್ರೋಟೀನು ಸೂಕ್ಷ್ಮತಂತುಗಳಾಗಿ ಹೆಣೆದುಕೊಂಡು, ಹಿಗ್ಗಿ ಕುಗ್ಗುವ ಭಾಗಗಳಿಗೆ ಆಧಾರವಾಗಿರುತ್ತದೆ. ಈ ಪ್ರೋಟೀನುಗಳಲ್ಲಿ ಯಾವುದು ಕೆಟ್ಟರೆ ಯಾವ ರೋಗವೆಂಬುದು ಬೇರೆಬೇರೆ. ಕೊಲಾಜೆನ್ನಿನ ಒಂದು ಜಾತಿ ಕೆಟ್ಟರೆ ಅಲ್ಪ ಆಘಾತಕ್ಕೂ ಎಲುಬು ಮುರಿಯುವ ಭಂಗುರಾಸ್ಥಿರೋಗ. ಮತ್ತೊಂದು ಜಾತಿ ಕೆಟ್ಟರೆ ರಕ್ತನಾಳಗಳು ತಾವಾಗಿ ಹರಿಯುವ ಎಹ್ಲರ್ಸ್–ಡಾನ್ಲೋಸ್ ರೋಗದ ಒಂದು ಘೋರಪ್ರಭೇದ. ಫೈಬ್ರಿಲಿನ್ ಕೆಟ್ಟರೆ ಮಾರ್ಫಾನ್ ರೋಗ. ಇವುಗಳಲ್ಲಿ ಕೊನೆಯದನ್ನೇ ಇಲ್ಲಿ ಮುಖ್ಯವಾಗಿ ತೆಗೆದುಕೊಳ್ಳಲಾಗಿದೆ. ಇದು ಸುಮಾರು ೫,೦೦೦ ಮಂದಿಗೆ ಒಬ್ಬರಂತೆ, ಜಾತಿದೇಶಗಳ ಭೇದವಿಲ್ಲದೆ ಕಾಣುವ ರೋಗ.

ಪ್ಯಾರಿಸ್ ನಗರದ ಶಿಶುವೈದ್ಯನಾದ ಆಂಟ್ವಾನ್ ಮಾರ್ಫಾನನು ೧೮೯೬ರಲ್ಲಿ ಕೈಕಾಲುಬೆರಳುಗಳು ಅತಿ ನೀಳವಾಗಿದ್ದ ಬಾಲಿಕೆಯೊಬ್ಬಳನ್ನು ವೈದ್ಯಸಭೆಯ ಮುಂದೆ ವರ್ಣಿಸಿದನು. ಆತನ ಹೆಸರೇ ರೋಗಕ್ಕೆ ನಿಂತಿತು. ಆ ಬಾಲಿಕೆಯ ಲಕ್ಷಣಗಳನ್ನು ಮರಳಿ ಪರ್ಯಾಲೋಚಿಸಿದ ಕೆಲವರು, ಆಕೆಗಿದ್ದುದು ಇದೇ ರೋಗವಲ್ಲ, ಇದನ್ನು ಹೋಲುವ ಬೇರೊಂದು ರೋಗವೆಂದು ಶಂಕಿಸಿದ್ದಾರೆ. ಹೊರಲಕ್ಷಣಗಳ ಸಾದೃಶ್ಯವು ಎಷ್ಟು ಮೋಸಗೊಳಿಸಬಲ್ಲುದೆಂಬುದು ಇದರಿಂದಲೇ ತಿಳಿಯುತ್ತದೆ. ಅಮೆರಿಕದ ವಿಕ್ಟರ್ ಮೆಕ್ಯೂಸಿಕನು ೧೯೫೬ರಲ್ಲಿ ಈ ಜಾತಿಯ ರೋಗಗಳನ್ನೆಲ್ಲ ಒಂದು ವರ್ಗವಾಗಿ ಸಂಗ್ರಹಿಸಿ ಗ್ರಂಥವನ್ನು ರಚಿಸಿದನು. ಫೈಬ್ರಿಲಿನ್ ೧೯೮೬ರಲ್ಲಿ ಗೊತ್ತಾಯಿತು. ಅದನ್ನು ವಿಧಿಸುವ ಜೀನಿನಲ್ಲಿಯೇ ಈ ರೋಗದ ಮೂಲವಿದೆಯೆಂಬುದು ೧೯೯೧ರಲ್ಲಿ ಸ್ಥಾಪಿತವಾಯಿತು. ಆ ಜೀನಿಗೆ ಎಫ್.ಬಿ.ಎನ್.೧ ಎಂದು ಸಂಕೇತ. ಅದು ೧೫ನೆಯ ವರ್ಣತಂತುವಿನಲ್ಲಿರುವುದು.

ಈ ರೋಗವಿರುವವರು ಸಾಮಾನ್ಯವಾಗಿ ಮನೆಯ ಇತರರಿಗಿಂತ ಎತ್ತರವಾಗಿಯೂ ಕೃಶರಾಗಿಯೂ ಇರುತ್ತಾರೆ. ಚಾಚಿದ ತೋಳುಗಳ ಅಳತೆಯು ದೇಹದ ಎತ್ತರವನ್ನು ಮೀರುತ್ತದೆ. ಹೆಬ್ಬೆರಳನ್ನು ಮಡಿಸಿ ಮುಷ್ಟಿಹಿಡಿದರೆ ಅದರ ತುದಿಯು ಕಿರುಬೆರಳಿನ ಕಡೆಯಿಂದ ಹೊರಕ್ಕೆ ಚಾಚುತ್ತದೆ. ಬೆನ್ನುಮೂಳೆ ಓರೆಯಾಗುವುದು, ಎದೆಯ ಎಲುಬು ಒಳಕ್ಕೆ ಕುಸಿಯುವುದು ಅಥವಾ ಮುಂದಕ್ಕೆ ಬರುವುದು, ಕಣ್ಣಿನ ಮಸೂರವು ಸ್ಥಾನಪಲ್ಲಟವಾಗುವುದು, ಇವೂ ಉಂಟು. ಆದರೆ ಪ್ರಾಣಕ್ಕೆ ಅಪಾಯವಿರುವುದು ಇವುಗಳಿಂದಲ್ಲ. ಹೃದಯದಿಂದ ಹೊರಡುವ ಮಹಾಧಮನಿಯ ಬುಡವು ವರ್ಷವರ್ಷಕ್ಕೂ ಹಿಗ್ಗುತ್ತ ಬಂದು, ಒಂದು ದಿನ ಅದರ ಭಿತ್ತಿಯ ಪದರಗಳು ಸೀಳುತ್ತವೆ. ಅಲ್ಲಿಯವರೆಗೆ ರೋಗಿಗೆ ನೋವಾಗಲಿ ಸೂಚನೆಯಾಗಲಿ ಇಲ್ಲದೆ ಇರಬಹುದು. ಹೀಗೆ ಮೃತರಾದವರನ್ನು ಎದೆನೋವಿನಿಂದ ಸತ್ತರೆಂದು ಹೇಳಿ ಮನೆಯವರು ಸುಮ್ಮನಾಗುತ್ತಾರೆ. ಅದೇ ದೋಷವನ್ನು ಹೊತ್ತ ಒಡಹುಟ್ಟಿದವರೂ ಮಕ್ಕಳೂ ಏನನ್ನೂ ಅರಿಯದೆ ಉಳಿಯುತ್ತಾರೆ.

೩. ಲಿಪಿದೃಷ್ಟಾಂತ

ಈಗ ಬೀಜದಲ್ಲಿರುವ ದೋಷವು ಎಂತಹದೆಂಬುದನ್ನು ನೋಡೋಣ. ದೇಹವು ಹೇಗೆ ರೂಪುಗೊಳ್ಳಬೇಕೆಂಬ ವಿಧಿಯು ಡಿ.ಎನ್.ಎ. ಎಂಬ ದೀರ್ಘವಾದ ಎಳೆಯಲ್ಲಿ ನಾಲ್ಕೇ ಅಕ್ಷರಗಳಿಂದ ಬರೆಯಲ್ಪಟ್ಟಿದೆ. ಮೂರು ಮೂರು ಅಕ್ಷರಗಳು ಕೂಡಿ ಒಂದು ಪದ. ಒಂದು ಪದಕ್ಕೆ ಒಂದು ಅಮೈನೋ ಆಮ್ಲವು ಅರ್ಥ. ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡರೆ ಪ್ರೋಟೀನು. ಫೈಬ್ರಿಲಿನ್ನಿನ ವಿಧಿಯಲ್ಲಿ ೨,೮೭೧ ಪದಗಳಿವೆ; ಎಂದರೆ ೮,೬೦೦ಕ್ಕೂ ಮೇಲ್ಪಟ್ಟ ಅಕ್ಷರಗಳು. ಇವು ಒಂದೇ ಕಡೆ ಸೇರಿರದೆ ೬೫ ತುಂಡುಗಳಾಗಿ, ನಡುನಡುವೆ ಅರ್ಥಕ್ಕೆ ಸೇರದ ದೀರ್ಘಭಾಗಗಳೊಡನೆ ಹರಡಿಕೊಂಡಿವೆ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಈ ಗ್ರಂಥದ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯಿಂದ ಬಂದುದು, ಒಂದು ತಾಯಿಯಿಂದ ಬಂದುದು.

ಪ್ರತಿಮಾಡುವಾಗ ಲಿಪಿಕಾರನಿಗೆ ಸ್ಖಾಲಿತ್ಯವುಂಟಾಗುವಂತೆ ಇಲ್ಲಿಯೂ ಆಗುತ್ತದೆ. ‘ರಾಜನು ವನಕೆ ನಡೆದ’ ಎಂದು ಮೂರು ಮೂರು ಅಕ್ಷರಗಳ ಪದಗಳಿಂದಾದ ವಾಕ್ಯವೊಂದನ್ನು ಇಟ್ಟುಕೊಳ್ಳೋಣ.

(ಅ) ‘ವನಕೆ’ ಎಂಬಲ್ಲಿ ‘ಮನಕೆ’ ಎಂದು ಬಿದ್ದರೆ ಪದವು ಶುದ್ಧವಾಗಿಯೇ ಕಾಣುತ್ತದೆ, ಅರ್ಥವು ಮಾತ್ರ ಬೇರೆಯಾಗುತ್ತದೆ. ಮಾರ್ಫಾನ್ ರೋಗದಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯೇ.

(ಆ) ‘ರಾಜನು’ ಎಂದ ಕೂಡಲೆ ಪೂರ್ಣವಿರಾಮ ಬಿದ್ದರೆ ವಾಕ್ಯವು ಮೊಟಕಾಗುತ್ತದೆ.

(ಇ) ‘ರಾಜನು’ ಎಂಬುದರಲ್ಲಿ ಜಕಾರವು ಲೋಪವಾಗಿ, ಮೂರು ಮೂರಾಗಿಯೇ ಓದುವ ನಿಯಮವು ಉಳಿದರೆ ‘ರಾನುವ ನಕೆನ ಡೆದ’ ಎಂದಾಗುತ್ತದೆ. ಒಂದಕ್ಷರದ ಲೋಪದಿಂದ ಮುಂದಿನದೆಲ್ಲವೂ ಕೆಟ್ಟಂತಾಯಿತು.

(ಈ) ತುಂಡುಗಳನ್ನು ಎಲ್ಲಿ ಕೂಡಿಸಬೇಕೆಂಬ ಗುರುತುಗಳು ಅಳಿದರೆ ಒಂದು ಗರಿಯೇ ಬಿಟ್ಟುಹೋದಂತೆ ಒಂದು ತುಂಡು ಪೂರ್ತಿಯಾಗಿ ಬಿದ್ದುಹೋಗಬಹುದು.

(ಉ) ‘ಕರ್ಣಾಟಕ’ ‘ಕರ್ನಾಟಕ’ ಎಂಬಂತೆ ಅಕ್ಷರವು ಬೇರೆಯಾದರೂ ಅರ್ಥವು ಬೇರೆಯಾಗದಿರುವ ಭೇದಗಳೂ ಬಹಳ. ಇವುಗಳಿಂದ ಬಾಧೆಯಿಲ್ಲ.

ಒಂದು ಪ್ರತಿಯು ಶುದ್ಧವಾಗಿರುವಾಗ ಇನ್ನೊಂದು ಕೆಟ್ಟರೇನೆಂದು ಕೇಳಬಹುದು. ಗ್ರಂಥದೃಷ್ಟಾಂತವು ಇಲ್ಲಿ ಸಾಲದು. ಹಗ್ಗದ ದೃಷ್ಟಾಂತವನ್ನು ತೆಗೆದುಕೊಳ್ಳಬೇಕು. ರಕ್ತನಾಳಗಳಲ್ಲಿರುವ ಮೂರನೆಯ ಜಾತಿಯ ಕೊಲಾಜೆನ್ ಒಂದೇ ಬಗೆಯ ಮೂರು ಎಳೆಗಳನ್ನು ಹುರಿಮಾಡಿದ ಹಗ್ಗ. ಎಳೆಗಳಲ್ಲಿ ಅರ್ಧವು ಶುದ್ಧಪ್ರತಿಯಿಂದಲೂ ಅರ್ಧವು ದುಷ್ಟಪ್ರತಿಯಿಂದಲೂ ಹುಟ್ಟುತ್ತವೆ. ಮೂರೂ ಎಳೆಗಳು ಶುದ್ಧವಾಗಿರುವ ಹಗ್ಗವು ಎಂಟರಲ್ಲಿ ಒಂದು ಮಾತ್ರ. ಉಳಿದ ಏಳರಲ್ಲಿ ಒಂದಾದರೂ ಕೆಟ್ಟ ಎಳೆ ಸೇರಿರುವುದು. ಫೈಬ್ರಿಲಿನ್ನಿನ ತಂತುಗಳಲ್ಲಿಯೂ ಕೆಟ್ಟ ಎಳೆಯು ಹೆಣಿಗೆಯನ್ನು ಕೆಡಿಸುವ ಸಂದರ್ಭಗಳುಂಟು. ಒಂದೇ ಪ್ರತಿಯಿಂದ ಬರುವ ಎಳೆಗಳ ಪರಿಮಾಣವು ಸಾಲದೆ ಹೋಗುವ ಸಂದರ್ಭಗಳೂ ಉಂಟು. ಆದುದರಿಂದ ಈ ರೋಗಗಳಲ್ಲಿ ಒಂದು ಪ್ರತಿಯ ದೋಷವೇ ರೋಗಕ್ಕೆ ಸಾಕು. ರೋಗವಿರುವ ತಂದೆಯಾಗಲಿ ತಾಯಿಯಾಗಲಿ ತನ್ನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುವುದರಿಂದ, ಪ್ರತಿಯೊಂದು ಮಗುವಿಗೂ ದೋಷವು ಬರುವ ಸಂಭವವು ಅರ್ಧ, ಬಾರದಿರುವ ಸಂಭವವೂ ಅರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಮೊದಲ ಮಗುವಿಗೆ ಬಂದುದರಿಂದ ಎರಡನೆಯದಕ್ಕೆ ಬಾರದೆಂಬ ಲೆಕ್ಕವೂ ಇಲ್ಲ. ಬಾರದೆ ಹೋದ ಮಗುವಿನ ಸಂತತಿಯಲ್ಲಿ ಆ ದೋಷವು ಮರಳಿ ತಲೆಯೆತ್ತುವುದಿಲ್ಲ.

ತಂದೆತಾಯಿಗಳಿಬ್ಬರಲ್ಲಿಯೂ ದೋಷವಿಲ್ಲದೆ ಮಗುವಿನಲ್ಲಿಯೇ ಹೊಸದಾಗಿ ಹುಟ್ಟುವುದೂ ಉಂಟು. ಮಾರ್ಫಾನ್ ರೋಗಿಗಳಲ್ಲಿ ಸುಮಾರು ಕಾಲುಭಾಗದವರು ಹೀಗೆ ವಂಶದಲ್ಲಿ ಮೊದಲಿಗರು. ಅವರ ವಿಷಯದಲ್ಲಿ ಪಿತೃಪಿತಾಮಹರನ್ನು ನಿಂದಿಸುವುದಕ್ಕೆ ಆಧಾರವೇ ಇಲ್ಲ.

೪. ಪರೀಕ್ಷೆಯ ಕ್ರಮ

ಪರೀಕ್ಷೆಯು ರೋಗವಿಲ್ಲದವರಿಂದ ಆರಂಭವಾಗತಕ್ಕದ್ದಲ್ಲ. ಕುಟುಂಬದಲ್ಲಿ ರೋಗವು ಸ್ಪಷ್ಟವಾಗಿ ಕಂಡಿರುವ ಒಬ್ಬರನ್ನು ಮೊದಲು ತೆಗೆದುಕೊಳ್ಳಬೇಕು. ವೈದ್ಯರು ಮೂರು ತಲೆಮಾರುಗಳ ವೃತ್ತಾಂತವನ್ನು, ಯಾರು ಯಾವ ವಯಸ್ಸಿನಲ್ಲಿ ಹೇಗೆ ಮೃತರಾದರೆಂಬುದನ್ನು ಕೇಳಿ ವಂಶವೃಕ್ಷವನ್ನು ಬರೆದುಕೊಳ್ಳುತ್ತಾರೆ. ಮಹಾಧಮನಿಯನ್ನೂ ಕಣ್ಣನ್ನೂ ನೋಡುತ್ತಾರೆ. ಬಳಿಕ ಸ್ವಲ್ಪ ರಕ್ತವನ್ನು ತೆಗೆದು ಜೀನನ್ನು ಅಕ್ಷರಶಃ ಓದಿಸುತ್ತಾರೆ. ಲಕ್ಷಣಗಳಿಂದ ರೋಗವನ್ನು ನಿಶ್ಚಯಿಸುವ ನಿಯಮಗಳು ಬೆಲ್ಜಿಯಂ ದೇಶದ ಘೆಂಟ್ ನಗರದ ಹೆಸರಿನಲ್ಲಿ ೧೯೯೬ರಲ್ಲಿ ಹೊರಟು ೨೦೧೦ರಲ್ಲಿ ಪರಿಷ್ಕೃತವಾಗಿವೆ. ಇದರ ಪ್ರಕಾರ ಮಹಾಧಮನಿಯ ಹಿಗ್ಗುವಿಕೆಯೂ ಮಸೂರದ ಸ್ಥಾನಪಲ್ಲಟವೂ ಕೂಡಿದ್ದರೆ ಜೀನ್‌ಪರೀಕ್ಷೆಯಿಲ್ಲದೆಯೂ ರೋಗವು ಸಿದ್ಧ. ಧಮನಿಯ ಹಿಗ್ಗುವಿಕೆಯೊಂದೇ ಇದ್ದಾಗ ರೋಗಕಾರಕವಾದ ಜೀನ್‌ಭೇದವು ದೊರೆತರೆ ಅದರಿಂದಲೂ ಸಿದ್ಧ.

ಓದಿಸಿದ ಮೇಲೆ ದೊರೆತ ಭೇದಗಳ ವಿಮರ್ಶೆ. ಅಮೆರಿಕದ ವೈದ್ಯಸಂಸ್ಥೆಗಳು ೨೦೧೫ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಭೇದಗಳಿಗೆ ಐದು ವರ್ಗಗಳಿವೆ: ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರ್ದೋಷ, ನಿರ್ದೋಷ. ಸಾಮಾನ್ಯರು ತಪ್ಪುತಿಳಿಯುವುದು ನಡುವಣ ವರ್ಗವನ್ನು. ಅನಿಶ್ಚಿತವೆಂದರೆ ಅರೆರೋಗವೆಂದಲ್ಲ. ಒಂದೇ ಓಲೆಪ್ರತಿಯಲ್ಲಿ ದೊರೆತ ಅಪೂರ್ವಪಾಠವು ಕವಿಯದೋ ಲಿಪಿಕಾರನದೋ ಎಂದು ಇತರ ಪ್ರತಿಗಳು ದೊರೆಯುವವರೆಗೆ ಹೇಳಲಾಗದಂತೆ, ಈ ಭೇದವು ದುಷ್ಟವೋ ನಿರುಪದ್ರವವೋ ಎಂದು ಇನ್ನೂ ಹೇಳಲಾಗದೆಂದು ಅರ್ಥ. ಅಂತಹ ಪಾಠವನ್ನು ನೆಚ್ಚಿ ಯಾರನ್ನೂ ರೋಗಿಯೆನ್ನತಕ್ಕದ್ದಲ್ಲ, ಯಾರನ್ನೂ ನಿರೋಗಿಯೆನ್ನತಕ್ಕದ್ದೂ ಅಲ್ಲ. ಕುಟುಂಬದ ಇತರರು ಸಹಕರಿಸಿದಲ್ಲಿ ನಿರ್ಣಯವು ಸುಲಭವಾಗುತ್ತದೆ. ರೋಗವಿರುವವರೆಲ್ಲರಲ್ಲಿಯೂ ಆ ಭೇದವಿದ್ದು, ವಯಸ್ಸಾದರೂ ಆರೋಗ್ಯವಾಗಿರುವವರಲ್ಲಿ ಇಲ್ಲದಿದ್ದರೆ ಅದು ರೋಗಕಾರಕವೆಂಬ ಪಕ್ಷಕ್ಕೆ ಬಲ ಬರುವುದು. ಆರೋಗ್ಯವಂತರಾದ ಮುದುಕರಲ್ಲಿಯೂ ಕಂಡರೆ ಪಕ್ಷವು ಸಡಿಲವಾಗುವುದು. ಪ್ರತಿಗಳ ಸಂವಾದದಿಂದ ಪಾಠನಿರ್ಣಯ ಮಾಡುವ ನಮ್ಮ ಪದ್ಧತಿಗೂ ಇದಕ್ಕೂ ಭೇದವಿಲ್ಲ.

ರೋಗಿಯಲ್ಲಿ ರೋಗಕಾರಕಭೇದವು ನಿಶ್ಚಿತವಾದ ಮೇಲೆ, ಅದೊಂದೇ ಭೇದವನ್ನು ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ, ತಂದೆತಾಯಿಗಳಲ್ಲಿ ಹುಡುಕುತ್ತಾರೆ. ಇಲ್ಲಿ ‘ಇಲ್ಲ’ವೆಂಬ ಉತ್ತರವು ನಿಜವಾಗಿಯೂ ಇಲ್ಲವೆಂದೇ, ಅಂತಹವರಿಗೆ ಆಜೀವವಾದ ಧಮನಿಪರೀಕ್ಷೆಯ ಕ್ಲೇಶವಿಲ್ಲ. ಆದರೆ ಕುಟುಂಬದಲ್ಲಿರುವ ಭೇದವು ಯಾವುದೆಂದು ಗೊತ್ತಿಲ್ಲದೆ, ಆರೋಗ್ಯವಂತನೊಬ್ಬನ ರಕ್ತವನ್ನು ಮಾತ್ರ ಓದಿಸಿ ‘ಏನೂ ಕಾಣಲಿಲ್ಲ’ವೆಂಬ ಪತ್ರವನ್ನು ತಂದರೆ ಅದಕ್ಕೆ ಅಷ್ಟು ಬೆಲೆಯಿಲ್ಲ. ಮಾರ್ಫಾನ್ ಲಕ್ಷಣಗಳು ಪೂರ್ಣವಾಗಿರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಭೇದವು ದೊರೆಯುತ್ತದೆ; ಉಳಿದವರಲ್ಲಿ ದೊರೆಯದಿದ್ದರೂ ರೋಗವಿಲ್ಲವೆಂದು ಹೇಳುವಂತಿಲ್ಲ. ಎಹ್ಲರ್ಸ್–ಡಾನ್ಲೋಸ್ ರೋಗಕ್ಕೆ ೨೦೧೭ರ ವಿಂಗಡಣೆಯಲ್ಲಿ ೧೩ ಪ್ರಭೇದಗಳನ್ನು ಹೇಳಿದೆ. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ, ಕೀಲುಗಳು ಅತಿಯಾಗಿ ಸಡಿಲವಾಗುವ ಪ್ರಭೇದಕ್ಕೆ ಕಾರಣವಾದ ಜೀನು ಇನ್ನೂ ಗೊತ್ತಾಗಿಲ್ಲ. ಅಲ್ಲಿ ಲಕ್ಷಣವೇ ಪ್ರಮಾಣ. ಮತ್ತೂ ಒಂದು ಮಾತು: ಪರೀಕ್ಷೆಯು ದೋಷದ ಇರವನ್ನು ಹೇಳುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಒಂದೇ ಭೇದವನ್ನು ಹೊತ್ತ ತಂದೆಮಕ್ಕಳಲ್ಲಿ ಒಬ್ಬರಿಗೆ ಉಗ್ರವಾಗಿಯೂ ಒಬ್ಬರಿಗೆ ಮೃದುವಾಗಿಯೂ ಇರುವುದುಂಟು.

೫. ಪ್ರಯೋಜನ

ಪ್ರಯೋಜನವಿಲ್ಲದ ಜ್ಞಾನಕ್ಕಾಗಿ ಭಯವನ್ನೇಕೆ ಕೊಳ್ಳಬೇಕೆಂದರೆ, ಇಲ್ಲಿ ಪ್ರಯೋಜನವು ಪ್ರತ್ಯಕ್ಷವಾಗಿದೆ. ಧಮನಿಯ ಅಳತೆಯನ್ನು ಕಾಲಕಾಲಕ್ಕೆ ನೋಡುತ್ತ, ರಕ್ತದ ಆಘಾತವನ್ನು ತಗ್ಗಿಸುವ ಔಷಧವನ್ನು ಕೊಡುತ್ತ, ಭಾರವೆತ್ತುವುದು ಮುಂತಾದ ಉಸಿರುಕಟ್ಟುವ ಶ್ರಮವನ್ನು ಬಿಡಿಸಿ, ಹಿಗ್ಗುವಿಕೆಯು ಮಿತಿಗೆ ಬಂದಾಗ ಶಸ್ತ್ರಕ್ರಿಯೆಯಿಂದ ಧಮನಿಯ ಬುಡವನ್ನು ಬದಲಾಯಿಸಿದರೆ ಸೀಳುವಿಕೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ಈ ಶಸ್ತ್ರಕ್ರಿಯೆಯನ್ನು ಬೆಂಟಾಲ್, ಡಿ ಬೋನೋ ಎಂಬಿಬ್ಬರು ೧೯೬೮ರಲ್ಲಿ ವರ್ಣಿಸಿದರು. ೧೯೭೨ರ ಗಣನೆಯಂತೆ ಈ ರೋಗವಿದ್ದವರಲ್ಲಿ ಅರ್ಧದಷ್ಟು ಮಂದಿ ೪೮ ವರ್ಷಗಳೊಳಗೆ ತೀರಿಕೊಳ್ಳುತ್ತಿದ್ದರು. ೧೯೯೫ರಲ್ಲಿ ಪ್ರಕಟವಾದ ಗಣನೆಯಲ್ಲಿ ಈ ಅವಧಿಯು ೭೨ ವರ್ಷಗಳಿಗೆ ಏರಿತು. ಗರ್ಭಿಣಿಯರಲ್ಲಿ ಧಮನಿಗೆ ಅಪಾಯವು ಹೆಚ್ಚುವುದರಿಂದ ಹೆಣ್ಣುಮಕ್ಕಳಿಗೆ ಇದು ಗರ್ಭಕ್ಕೆ ಮುಂಚೆಯೇ ತಿಳಿದಿರುವುದು ಅತ್ಯವಶ್ಯಕ. ಅದನ್ನು ಮರೆಮಾಚಿ ಮದುವೆಮಾಡಿದ ಮನೆಯವರು ಮಗಳ ಪ್ರಾಣವನ್ನೇ ಪಣವಾಗಿಟ್ಟಂತೆ.

ಸದೃಶರೋಗಗಳನ್ನು ಬೇರ್ಪಡಿಸುವುದು ಇನ್ನೊಂದು ಪ್ರಯೋಜನ. ೨೦೦೫ರಲ್ಲಿ ಗುರುತಿಸಲ್ಪಟ್ಟ ಲೋಯ್ಸ್–ಡೀಟ್ಸ್ ರೋಗವು ಮಾರ್ಫಾನನ್ನು ಹೋಲುತ್ತದೆ. ಆದರೆ ಅದರಲ್ಲಿ ಧಮನಿಯು ಅಷ್ಟಾಗಿ ಹಿಗ್ಗದಿರುವಾಗಲೇ ಸೀಳುವುದುಂಟಾದುದರಿಂದ ಶಸ್ತ್ರಕ್ರಿಯೆಯನ್ನು ಮೊದಲೇ ಮಾಡಬೇಕಾಗುತ್ತದೆ. ಹೋಮೋಸಿಸ್ಟಿನೂರಿಯ ಎಂಬ ಮತ್ತೊಂದು ರೋಗದಲ್ಲಿಯೂ ದೇಹವು ನೀಳವಾಗಿ ಮಸೂರವು ಜಾರುತ್ತದೆ. ಮಾರ್ಫಾನಿನಲ್ಲಿ ಅದು ಅನೇಕವೇಳೆ ಮೇಲಕ್ಕೆ, ಇದರಲ್ಲಿ ಸಾಮಾನ್ಯವಾಗಿ ಕೆಳಕ್ಕೆ. ಇದರ ಚಿಕಿತ್ಸೆ ಪಥ್ಯಾಹಾರ. ಕೆಲವರಿಗೆ ಬಿ೬ ಜೀವಸತ್ತ್ವದಿಂದಲೂ ಗುಣ.

ಈ ಕೊನೆಯ ರೋಗದ ಪ್ರಸಂಗದಲ್ಲಿ ಕರ್ಣಾಟಕದವರು ಗಮನಿಸತಕ್ಕ ಅಂಶವೊಂದಿದೆ. ಇದರಲ್ಲಿ ಎರಡು ಪ್ರತಿಗಳೂ ಕೆಟ್ಟರೆ ಮಾತ್ರ ರೋಗ. ಒಂದು ಕೆಟ್ಟವರು ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನನ್ನೂ ಮಾವನ ಮಕ್ಕಳನ್ನೂ ಮದುವೆಯಾಗುವ ರೂಢಿಯು ನಮ್ಮ ಕಡೆ ಹಳೆಯದು; ಮಾವನ ಮಗಳನ್ನು ವರಿಸುವುದು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನೇ ಹೇಳಿದ್ದಾನೆ. ಒಂದೇ ಮೂಲದ ದುಷ್ಟಪ್ರತಿಯು ಎರಡು ಕಡೆಯಿಂದಲೂ ಬಂದು ಸೇರುವ ಸಂಭವವು ಅಂತಹ ವಿವಾಹಗಳಲ್ಲಿ ಹೆಚ್ಚು. ಮಾರ್ಫಾನ್ ರೋಗಕ್ಕೆ ಮಾತ್ರ ಇದು ಅನ್ವಯಿಸದು. ಅಲ್ಲಿ ಸಂಬಂಧವು ಹೊರಗಿನದಾದರೂ ಒಳಗಿನದಾದರೂ ಸಂಭವವು ಅರ್ಧವೇ.

ಎರಡು ಪ್ರಸಿದ್ಧ ನಿದರ್ಶನಗಳನ್ನು ಕೊಡಬಹುದು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ನರು ೧೯೮೪ರ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವನ್ನು ಪಡೆದ ತಂಡದವರು. ೧೯೮೬ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ೩೧ನೆಯ ವಯಸ್ಸಿನಲ್ಲಿ ಮೃತರಾದರು. ಶವಪರೀಕ್ಷೆಯಲ್ಲಿ ಮಾರ್ಫಾನ್ ರೋಗವು ತಿಳಿದುಬಂದಿತು. ಅದರ ಮೇಲೆ ಅವರ ಸೋದರನನ್ನು ಪರೀಕ್ಷಿಸಲಾಗಿ ಅವರಲ್ಲಿಯೂ ಅದೇ ರೋಗವು ಕಂಡು, ಶಸ್ತ್ರಕ್ರಿಯೆ ನಡೆಯಿತು. ಒಬ್ಬರ ಮರಣವು ಇನ್ನೊಬ್ಬರಿಗೆ ಸೂಚನೆಯಾಯಿತು. ೨೦೧೪ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಐಸಾಯ ಆಸ್ಟಿನ್ನರು ವೃತ್ತಿತಂಡಗಳ ಆಯ್ಕೆಗೆ ಕೆಲವೇ ದಿನಗಳಿದ್ದಾಗ ಜೀನ್‌ಪರೀಕ್ಷೆಯಿಂದ ಇದೇ ರೋಗವುಳ್ಳವರೆಂದು ತಿಳಿದು ಆಟವನ್ನು ನಿಲ್ಲಿಸಬೇಕಾಯಿತು. ೨೦೧೬ರಲ್ಲಿ ವೈದ್ಯರ ಅನುಮತಿ ದೊರೆತು ಮರಳಿ ಆಡಿದರು. ಇಲ್ಲಿ ಸೂಚನೆಗೆ ಯಾರೂ ಸಾಯಬೇಕಾಗಲಿಲ್ಲ. ಎರಡು ಪ್ರಸಂಗಗಳ ನಡುವಣ ಅಂತರವು ಇಪ್ಪತ್ತೆಂಟು ವರ್ಷಗಳ ವಿದ್ಯೆಯ ಅಂತರ.

೬. ಆಕ್ಷೇಪಸಮಾಧಾನಗಳು

‘ಪ್ರಾರಬ್ಧವನ್ನು ತಪ್ಪಿಸಲಾಗದು; ತಿಳಿದು ಪ್ರಯೋಜನವೇನು?’ ಎಂಬುದು ಮೊದಲನೆಯ ಆಕ್ಷೇಪ. ಚರಕನೇ ಆಯುಸ್ಸಿನ ವಿಚಾರದಲ್ಲಿ ದೈವಪುರುಷಕಾರಗಳೆರಡನ್ನೂ ಒಪ್ಪಿದ್ದಾನೆ. ದೈವವೇ ಸರ್ವವಾದರೆ ಚಿಕಿತ್ಸಾಶಾಸ್ತ್ರಕ್ಕೇ ಅವಕಾಶವಿಲ್ಲ. ಉಪಾಯವಿಲ್ಲದ ರೋಗಗಳ ವಿಷಯದಲ್ಲಿ ಈ ಪ್ರಶ್ನೆಗೆ ಬೆಲೆಯುಂಟು. ಮಧ್ಯವಯಸ್ಸಿನಲ್ಲಿ ಬುದ್ಧಿಯನ್ನೂ ಚಲನೆಯನ್ನೂ ಕೆಡಿಸುವ ಹಂಟಿಂಗ್ಟನ್ ರೋಗಕ್ಕೆ ಚಿಕ್ಕ ಮಕ್ಕಳನ್ನು ಪರೀಕ್ಷಿಸಬಾರದು, ದೊಡ್ಡವರಾಗಿ ತಾವೇ ನಿರ್ಧರಿಸಲೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮಾರ್ಫಾನ್ ರೋಗದಲ್ಲಿ ರಕ್ಷಣೆಯು ಬಾಲ್ಯದಿಂದಲೇ ಆರಂಭವಾಗುವುದರಿಂದ ಮಕ್ಕಳ ಪರೀಕ್ಷೆಯು ನ್ಯಾಯ್ಯವಾದುದು.

‘ಪರೀಕ್ಷೆಗೊಂಡರೆ ಕುಲಕ್ಕೆ ಕಳಂಕ, ಮನೆಯ ಹೆಣ್ಣುಮಕ್ಕಳಿಗೆ ಸಂಬಂಧವು ಕೂಡಿಬಾರದು’ ಎಂಬುದು ಎರಡನೆಯದು, ಇದೇ ನಮ್ಮಲ್ಲಿ ಬಲವಾದುದು. ಇದರಲ್ಲಿ ಹುಸಿಯಿಲ್ಲ, ಜಾತಕಗಳನ್ನು ಹಿಡಿದುಕೊಂಡು ಬರುವ ಗೃಹಸ್ಥರ ಭಯವು ಎಂತಹದೆಂದು ಪಂಡಿತರಿಗೆ ಗೊತ್ತು. ಆದರೆ ವಿಚಾರಮಾಡಿರಿ. ಪರೀಕ್ಷೆಯಿಲ್ಲದಿದ್ದಾಗ ಸಂಶಯವು ಕುಲದ ಎಲ್ಲರ ಮೇಲೆಯೂ ಇರುತ್ತದೆ. ಪರೀಕ್ಷೆಯಾದರೆ ಸಂಭವದ ಲೆಕ್ಕದಲ್ಲಿ ರೋಗಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಸಂಶಯದಿಂದಲೇ ಬಿಡುಗಡೆಯಾಗುತ್ತಾರೆ. ಉಳಿದವರಿಗೆ ರಕ್ಷಣೆಯು ದೊರೆಯುತ್ತದೆ. ಮನುವು ಕುಲವನ್ನು ವರ್ಜಿಸಿದುದು ವ್ಯಕ್ತಿಯನ್ನು ತಿಳಿಯಲಾಗದ ಕಾಲದಲ್ಲಿ. ವ್ಯಕ್ತಿಯನ್ನು ತಿಳಿಯಬಹುದಾದ ಮೇಲೆ ಆ ವರ್ಜನೆಗೆ ಹೇತುವಿಲ್ಲ. ಹೇತುವಿಲ್ಲದ ಕಡೆ ವಿಧಿಯನ್ನು ಎಳೆದು ಅನ್ವಯಿಸುವುದು ಮೀಮಾಂಸಾಸಮ್ಮತವೂ ಅಲ್ಲ. ದೋಷವನ್ನು ಹೊತ್ತವರೂ ಮದುವೆಗೆ ಅನರ್ಹರೇನೂ ಅಲ್ಲ. ತಿಳಿದು ಒಪ್ಪಿದ ಸಂಗಾತಿಯೊಡನೆ ಗೃಹಸ್ಥಧರ್ಮವನ್ನು ನಡೆಸುವವರು ಬೇಕಾದಷ್ಟು ಮಂದಿ. ವರ್ಜ್ಯವಾದುದು ವಂಚನೆ ಮಾತ್ರ.

ಗರ್ಭಸ್ಥಶಿಶುವಿನಲ್ಲಿ ದೋಷವನ್ನು ಹುಡುಕಬಹುದೇ ಎಂಬುದು ಮೂರನೆಯ ಪ್ರಶ್ನೆ. ಭಾರತದಲ್ಲಿ ೧೯೯೪ರ ಕಾನೂನು, ೨೦೦೩ರಲ್ಲಿ ತಿದ್ದುಪಡಿಯಾದಂತೆ, ಶಿಶುವಿನ ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದೆ. ಆನುವಂಶಿಕರೋಗಗಳ ಪರೀಕ್ಷೆಗೆ ನಿಯಮಗಳೊಳಗೆ ಅವಕಾಶವಿತ್ತಿದೆ. ರೋಗದ ಉಗ್ರತೆಯನ್ನು ಮುಂದಾಗಿ ಹೇಳಲಾಗದ ಈ ವಿಷಯದಲ್ಲಿ ನಿರ್ಧಾರವು ದಂಪತಿಗಳದೇ ಆಗಿರತಕ್ಕದ್ದು. ಹಿರಿಯರಾಗಲಿ ಪಂಡಿತರಾಗಲಿ ಒತ್ತಾಯಪಡಿಸತಕ್ಕದ್ದಲ್ಲ.

ಮೃತರನ್ನು ಪರೀಕ್ಷಿಸುವ ಪ್ರಶ್ನೆಯೂ ಒಮ್ಮೆ ಎದ್ದಿತ್ತು. ನೀಳದೇಹಿಯಾಗಿದ್ದ ಅಧ್ಯಕ್ಷ ಲಿಂಕನ್ನನಿಗೆ ಮಾರ್ಫಾನ್ ರೋಗವಿತ್ತೆಂದು ೧೯೬೦ರ ದಶಕದಲ್ಲಿ ಕೆಲವರು ಊಹಿಸಿದರು. ಉಳಿದಿರುವ ಆತನ ಎಲುಬಿನ ಚೂರುಗಳಿಂದ ಇದನ್ನು ನಿರ್ಣಯಿಸಬಹುದೇ ಎಂದು ೧೯೯೧ರಲ್ಲಿ ವಿದ್ವತ್ಸಮಿತಿಯೊಂದು ವಿಚಾರಿಸಿತು, ಪರೀಕ್ಷೆಯು ನಡೆಯಲಿಲ್ಲ. ಲಿಂಕನ್ನನ ನೇರಸಂತತಿಯು ೧೯೮೫ರಲ್ಲಿಯೇ ಮುಗಿದಿತ್ತು. ಉಳಿಸಬೇಕಾದ ಬಂಧುಗಳಿಲ್ಲದಲ್ಲಿ ಅಂತಹ ಪರೀಕ್ಷೆಯು ಕುತೂಹಲವನ್ನು ತಣಿಸುವುದಕ್ಕಷ್ಟೇ ಆಗುತ್ತಿತ್ತು. ವಂಶಪರೀಕ್ಷೆಯ ಸಾರ್ಥಕತೆಯು ಬದುಕಿರುವವರಲ್ಲಿದೆ.

೭. ಉಪಸಂಹಾರ

ಮೇಲಣ ವಿಚಾರದಿಂದ ಫಲಿತವಾದ ಅಂಶಗಳನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಧಮನಿ ಸೀಳಿ ಅಥವಾ ಹಠಾತ್ತಾಗಿ ಮೃತರ ಪಟ್ಟಿಗೆ ಸೇರಿದ್ದರೆ, ಅತಿ ನೀಳವಾದ ಮೈಕಟ್ಟೂ ಮಸೂರದ ದೋಷವೂ ತಲೆಮಾರುಗಳಲ್ಲಿ ಕಂಡಿದ್ದರೆ, ಜೀನ್‌ವಿಚಾರದಲ್ಲಿ ಪರಿಣತರಾದ ವೈದ್ಯರನ್ನು ಕಾಣತಕ್ಕದ್ದು. ಪರೀಕ್ಷೆಯು ರೋಗವುಳ್ಳವರಿಂದ ಆರಂಭವಾಗಬೇಕು. ಅನಿಶ್ಚಿತಭೇದವನ್ನು ನಿಶ್ಚಿತವೆಂದು ನಡೆಯಬಾರದು. ನಿಶ್ಚಿತವಾದುದನ್ನು ತಿಳಿದವನು ಒಡಹುಟ್ಟಿದವರಿಗೂ ದಾಯಾದಿಗಳಿಗೂ, ವ್ಯಾಜ್ಯ ವೈಮನಸ್ಯಗಳಿದ್ದರೂ ಸಹ, ತಿಳಿಸತಕ್ಕದ್ದು.

ಉಪಾಧ್ಯಾಯರಿಗೆ ಕಡೆಯದಾಗಿ ಒಂದು ವಿಜ್ಞಾಪನೆ. ಮನುಸ್ಮೃತಿಯ ಆ ಪಟ್ಟಿಯನ್ನೋ ಚರಕನ ಬೀಜವಿಚಾರವನ್ನೋ ಪಾಠಹೇಳುವಾಗ ಎರಡನ್ನೂ ಜೊತೆಯಲ್ಲಿ ಇಟ್ಟು ಹೇಳಬೇಕು. ಮೊದಲನೆಯದು ಕುಲವನ್ನು ನೋಡಿತು, ಎರಡನೆಯದು ಬೀಜಭಾಗವನ್ನು ನೋಡಿತೆಂಬ ಭೇದವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಬೇಕು. ತರಗತಿಯಲ್ಲಿ ಎತ್ತರವಾಗಿ, ಕೃಶವಾಗಿ, ಕನ್ನಡಕದ ಬಲದಿಂದಲೂ ಹಲಗೆಯನ್ನು ಓದಲಾರದ, ಉದ್ದವಾದ ಬೆರಳುಗಳ ಬಾಲಕನೊಬ್ಬನು ಕುಳಿತಿದ್ದರೆ ಆತನನ್ನು ಇತರರು ಹಾಸ್ಯಮಾಡದಂತೆ ತಡೆದು, ಮನೆಯವರಿಗೆ ಒಂದು ಮಾತು ಹೇಳಿಕಳುಹಿಸುವುದು ಉಪಾಧ್ಯಾಯರ ಕೈಯಲ್ಲಿದೆ.